ಎರಡು ಇಂಚು ಎತ್ತಿದ ಜಿಮ್ನಿ ದೋಣಿಯ ಹಾಗೆ ಓಲಾಡುತ್ತಿದೆ. ಡ್ರಾಪ್ ಆರ್ಮ್ ಬದಲಿಸಬೇಕಾ?

ಕಟಪಾಡಿ ಜಿಮ್ನಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ. ಅರ್ಧಂಬರ್ಧ ಹೇಳಿದರೆ ನೀವು ಹತ್ತು ಪ್ರಶ್ನೆ ಕೇಳ್ತೀರಿ, ಅದಕ್ಕೆ ಎಲ್ಲ ಒಟ್ಟಿಗೇ ಬರೆದುಬಿಡುತ್ತೇನೆ.

ನನ್ನದು 2023ರ ಐದು ಬಾಗಿಲಿನ ಮಾರುತಿ ಜಿಮ್ನಿ. 31 ಸಾವಿರ ಕಿ.ಮೀ. ಓಡಿದೆ. ಹೆಬ್ರಿ ಹತ್ತಿರ ಹೆಂಡತಿ ಮನೆಯವರ ಅಡಿಕೆ ತೋಟ ಉಂಟು. ವಾರಕ್ಕೊಮ್ಮೆ ಅಂಗಡಿ ಬಾಗಿಲು ಹಾಕಿ ಅಲ್ಲಿಗೆ ಹೋಗುತ್ತೇನೆ. ಕೊನೆಯ ಒಂದೂವರೆ ಕಿ.ಮೀ. ಮುರಕಲ್ಲಿನ ದಾರಿ. ಮಳೆಗಾಲದಲ್ಲಿ ನೀರು ಹರಿದು ಹರಿದು ಅಡ್ಡಕ್ಕೆ ಒಂದು ಕಣಿ ಬಿದ್ದಿದೆ. ಅಲ್ಲಿ ಎರಡು ಸಲ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು (ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಇರುವುದು) ಕಲ್ಲಿಗೆ ತಾಗಿತು. ಆ ಸದ್ದು ಕೇಳಿದವರಿಗೇ ಗೊತ್ತು.

ಸರಿ, ಗಾಡಿ ಎತ್ತರಿಸುವ ಅಂತ ಎರಡು ಇಂಚಿನ ಸ್ಪ್ರಿಂಗು, ಉದ್ದದ ಶಾಕ್, 235/75 ಆರ್15 ಟೈರು ಹಾಕಿಸಿದೆ. ನೋಡಲಿಕ್ಕೆ ಭಾರೀ ಚಂದ ಆಯಿತು. ಓಡಿಸಲಿಕ್ಕೆ ಅಲ್ಲ.

ಮೊದಲನೆಯದು, ಗಾಡಿ ನೇರ ಹೋಗುವಾಗ ಸ್ಟೇರಿಂಗ್ ವೀಲ್ ಎಡಕ್ಕೆ ವಾಲಿ ನಿಂತಿರುತ್ತದೆ, ಗಡಿಯಾರದಲ್ಲಿ 11 ಗಂಟೆ ಆದ ಹಾಗೆ. ಎರಡನೆಯದು, ತಿರುವಿನಲ್ಲಿ ತಿರುಗಿಸಿ ಕೈ ಸಡಿಲ ಬಿಟ್ಟರೆ ಮೊದಲಿನ ಹಾಗೆ ತಾನಾಗಿ ವಾಪಸ್ ಬರುವುದಿಲ್ಲ. ನಾನೇ ತರಬೇಕು. ಹೈವೇಯಲ್ಲಿ 80 ದಾಟಿದರೆ ಎಡಕ್ಕೆ ಬಲಕ್ಕೆ ತಿದ್ದುತ್ತಾ ಇರುವುದೇ ಕೆಲಸ. ಪಡುಬಿದ್ರಿ ಹತ್ತಿರ ಎಕ್ಸ್‌ಪ್ರೆಸ್ ಬಸ್ಸೊಂದು ಓವರ್‌ಟೇಕ್ ಮಾಡಿದಾಗ ಅದರ ಗಾಳಿಗೇ ಗಾಡಿ ಪಕ್ಕಕ್ಕೆ ಸರಿಯಿತು. "ಇದು ಕಾರಾ, ದೋಣಿಯಾ?" ಅಂತ ಹೆಂಡತಿ ಕೇಳಿದಳು. ಅವಳ ಅಣ್ಣನಿಗೆ ಮಲ್ಪೆಯಲ್ಲಿ ದೋಣಿ ಇದೆ, ಹಾಗಾಗಿ ಅವಳಿಗೆ ವ್ಯತ್ಯಾಸ ಗೊತ್ತಿದೆ.

ಮೂರನೆಯದಕ್ಕೆ ನಿಜಕ್ಕೂ ಹೆದರಿಕೆ ಆಯಿತು. ಉದ್ಯಾವರ ಸೇತುವೆಯ ಜಾಯಿಂಟ್ ಮೇಲೆ 65ರಲ್ಲಿ ಹತ್ತಿದೆ. ಮುಂದಿನ ಎರಡೂ ಚಕ್ರ ದಡದಡ ಹೊಡೆದುಕೊಳ್ಳಲು ಶುರು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ. ಬ್ರೇಕ್ ಒತ್ತಿ 30ಕ್ಕೆ ಇಳಿಸಿದ ಮೇಲೆಯೇ ನಿಂತದ್ದು. ಹಿಂದಿನ ಬೈಕಿನವ ಬಂದು "ಟೈರ್ ಕಳಚಿ ಬೀಳ್ತದಾ ಅಂತ ನೋಡ್ತಾ ಇದ್ದೆ" ಅಂದ.

ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಏನು ಮಾಡಿದ ಗೊತ್ತಾ? ಸ್ಟೇರಿಂಗ್ ವೀಲನ್ನೇ ಬಿಚ್ಚಿ, ಹಲ್ಲು ತಪ್ಪಿಸಿ ನೇರ ಕೂರಿಸಿ ಕೊಟ್ಟ. ಹತ್ತು ನಿಮಿಷದ ಕೆಲಸ. ನನಗೂ ಖುಷಿ. ಮರುದಿನ ಬೆಳಿಗ್ಗೆ, ಗಾಡಿ ಜಾರದ ಹಾಗೆ ನೋಡಿಕೊಳ್ಳುವ ಇಎಸ್‌ಪಿ ದೀಪ ಹತ್ತಿತು.

ಈಗ ಗ್ಯಾರೇಜಿನವರು ಹೇಳುವುದು ಇಷ್ಟು. ಉದ್ದದ ಡ್ರಾಪ್ ಆರ್ಮ್ (ಸ್ಟೇರಿಂಗ್ ಬಾಕ್ಸಿನಿಂದ ಕೆಳಗೆ ಇಳಿಯುವ ತೋಳು) ಲೇತಿನಲ್ಲಿ ಮಾಡಿಸುವ, ಅಲ್ಲಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ರಾಡ್ ಕಾಯಿಸಿ ಸ್ವಲ್ಪ ಬಗ್ಗಿಸುವ, ಇರುವ ಸ್ಟೇರಿಂಗ್ ಡ್ಯಾಂಪರ್ (ನಡುಕ ಹೀರುವ ಶಾಕ್) ತೆಗೆದು ದಪ್ಪದ್ದು ಹಾಕುವ. ಮೂರೂ ಮಾಡಿಸಬೇಕಾ? ಯಾವುದು ಮೊದಲು?

ಕೊಲ್ಲೂರು ಜೀಪಿನವ

ಮಾರಾಯ್ರೇ, ಸ್ಟೇರಿಂಗಿನ ಕಬ್ಬಿಣ ಕಾಯಿಸುತ್ತೇನೆ ಅಂದವರ ಹತ್ತಿರ ಗಾಡಿ ಬಿಡಬೇಡಿ. ಉಳಿದದ್ದು ಆಮೇಲೆ ಮಾತಾಡುವ.

ನಾನು ಕೊಡಚಾದ್ರಿಗೆ ಜೀಪು ಹೊಡೆದವ. ಲೀಫ್ ಪ್ಲೇಟಿನ ಹಳೇ ಜೀಪು. ಒಂದು ಮಳೆಗಾಲ ಮುಗಿದ ಮೇಲೆ ಟೈ ರಾಡ್ (ಮುಂದಿನ ಎರಡು ಚಕ್ರ ಜೋಡಿಸುವ ರಾಡ್) ಕಲ್ಲಿಗೆ ಬಡಿದು ಬಾಗಿತು. ಧಣಿಗಳು ಹೊಸದು ತರಿಸಲಿಲ್ಲ. ಕಾಯಿಸಿ ನೇರ ಮಾಡಿಸಿ, ಬಿರುಕು ಕಂಡಲ್ಲಿ ವೆಲ್ಡಿಂಗ್ ಎಳೆಸಿದರು. ಒಂದು ವಾರ ಚಂದ ಓಡಿತು. ಎಂಟನೇ ದಿನ ಇಳಿಜಾರಿನಲ್ಲಿ, ಆರು ಜನ ಕೂತಿದ್ದಾರೆ, ನಾನು ಬಲಕ್ಕೆ ತಿರುಗಿಸಿದೆ. ಬಲ ಚಕ್ರ ಬಲಕ್ಕೆ ಹೋಯಿತು, ಎಡ ಚಕ್ರ ಎಡಕ್ಕೆ. ನಡೆದುಕೊಂಡು ಹೋಗುವ ವೇಗ ಅಷ್ಟೇ, ಹಾಗಾಗಿ ಧರೆಗೆ ಒರಗಿ ನಿಂತಿತು. ಅಮ್ಮನ ದಯೆ. ಇಳಿದು ನೋಡಿದರೆ ವೆಲ್ಡಿಂಗ್ ಕಲ್ಲಿನ ಹಾಗೆ ಗಟ್ಟಿ. ತುಂಡಾದದ್ದು ಅದರ ಬದಿಯಲ್ಲಿ, ಬಿಸಿ ತಾಗಿದ ಜಾಗದಲ್ಲಿ. ಆಮೇಲೆ ನಾನು ಸ್ಟೇರಿಂಗಿನ ಒಂದು ನಟ್ಟಿಗೂ ಬೆಂಕಿ ತೋರಿಸಲು ಬಿಟ್ಟಿಲ್ಲ.

ಈಗ ನಿಮ್ಮ ಗಾಡಿ. ಸೇತುವೆಯಲ್ಲಿ ಹೊಡೆದುಕೊಂಡಿತು ಅಂದ್ರಲ್ಲ, ಅದು ಎಲ್ಲೋ ಸಡಿಲ ಉಂಟು ಅಂತ. ಡ್ಯಾಂಪರ್ ದಪ್ಪದ್ದು ಹಾಕಿದರೆ ನಡುಕ ಅಡಗುತ್ತದೆ, ಸಡಿಲ ಅಲ್ಲೇ ಇರುತ್ತದೆ. ಜ್ವರಕ್ಕೆ ಕಂಬಳಿ ಹೊದ್ದ ಹಾಗೆ. ಆರು ತಿಂಗಳಲ್ಲಿ ಡ್ಯಾಂಪರೂ ಹೋಗುತ್ತದೆ, ಆಗ ಎರಡು ರಿಪೇರಿ.

ಮನೆಯಲ್ಲೇ ನೋಡಬಹುದು. ಮುಂದಿನ ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಒಂದು ಚಕ್ರ ಎತ್ತಿ. ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ವೀಲ್ ಬೇರಿಂಗೋ ಕಿಂಗ್ ಪಿನ್ನೋ (ಚಕ್ರ ಎಡ ಬಲ ತಿರುಗುವ ಗೂಟ) ಅಂತ ಗೊತ್ತಾಗಬೇಕು. ಒಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ, ಮತ್ತೆ ಅಲ್ಲಾಡಿಸಿ. ಈಗ ಟಕ್ ನಿಂತಿತು ಅಂದರೆ ಬೇರಿಂಗ್. ಇನ್ನೂ ಉಂಟು ಅಂದರೆ ಕಿಂಗ್ ಪಿನ್. ಎಡ ಬಲ ಹಿಡಿದು ಅಲ್ಲಾಡಿಸುವಾಗ ಆಟ ಕಂಡರೆ ಟೈ ರಾಡ್ ಎಂಡ್ ನೋಡಿ. ಆಮೇಲೆ ಗಾಡಿ ಇಳಿಸಿ, ಎಂಜಿನ್ ಚಾಲೂ ಇಟ್ಟು ಮನೆಯವರ ಹತ್ತಿರ ಸ್ಟೇರಿಂಗ್ ಒಂದು ಗೇಣು ಆಚೆ ಈಚೆ ತಿರುಗಿಸಲು ಹೇಳಿ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡೆ ಕೊಟ್ಟು, ನೀವು ಬಗ್ಗಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ.

ನಮ್ಮ ಕಡೆ ಕೆಂಪು ಮಣ್ಣು ನೀರಿನ ಜೊತೆ ರಬ್ಬರ್ ಬೂಟಿನೊಳಗೆ ಹೋದರೆ ಅರೆಯುವ ಕಲ್ಲೇ ಆಯಿತು. ಸಮುದ್ರದ ಬದಿಯಲ್ಲಿದ್ದೀರಿ ಬೇರೆ, ತುಕ್ಕು ಕೇಳಲೇಬೇಡಿ.

ಬೈಂದೂರು ಥಾರ್

ಎರಡು ಇಂಚಿಗೆ ಇಷ್ಟು ತಲೆಬಿಸಿ ಯಾಕೆ ಬಾಸ್? ನನ್ನ ಹಳೇ ಥಾರ್ ಮುಂದೆ ಟಾರ್ಷನ್ ಬಾರ್ (ಸ್ಪ್ರಿಂಗಿನ ಕೆಲಸ ಮಾಡುವ ರಾಡ್) ತಿರುಗಿಸಿ ಎತ್ತಿದ್ದೇನೆ, ಅಲೈನ್‌ಮೆಂಟ್ ಮಾಡಿಸಿದೆ, ಮುಗಿಯಿತು. ಡ್ಯಾಂಪರ್ ಹಾಕಿಸಿ, ಆರಾಮ ಇರಿ.

ಸುರತ್ಕಲ್ ಟೇಪು

ಥಾರ್ ಅಣ್ಣ, ನಿಮ್ಮದು ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಎರಡು ಚಕ್ರ ಬೇರೆ ಬೇರೆ ಏರಿ ಇಳಿಯುತ್ತವೆ. ಜಿಮ್ನಿಯದು ಅಡ್ಡಕ್ಕೆ ಒಂದೇ ಗಟ್ಟಿ ಆಕ್ಸಲ್. ಎರಡರ ಔಷಧ ಬೇರೆ.

ಕಟಪಾಡಿಯವರೇ, ನಿಮ್ಮ ಮೂರು ತೊಂದರೆಗೆ ಮೂರು ಕಾರಣ. ಗ್ಯಾರೇಜಿನವರು ಹೇಳಿದ ಮೂರು ಕೆಲಸಕ್ಕೂ ಇವುಗಳಿಗೂ ಸಂಬಂಧ ಕಮ್ಮಿ.

ಸ್ಟೇರಿಂಗ್ ತಾನಾಗಿ ವಾಪಸ್ ಬಾರದಿರುವುದು ಕ್ಯಾಸ್ಟರ್ ಕಮ್ಮಿಯಾದ್ದರಿಂದ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಕೈ ಬಿಟ್ಟರೂ ಸೈಕಲ್ ನೇರ ಹೋಗುವುದಕ್ಕೆ ಅದೂ ಒಂದು ಕಾರಣ. ಕಾರಿನಲ್ಲೂ ಕಿಂಗ್ ಪಿನ್ ಹಾಗೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ಆ ಓರೆಯೇ ಕ್ಯಾಸ್ಟರ್. ಜಿಮ್ನಿಯ ಮುಂದಿನ ಆಕ್ಸಲನ್ನು ಎರಡು ತೋಳು ಹಿಡಿದಿರುತ್ತವೆ. ತೋಳಿನ ಹಿಂದಿನ ತುದಿ ಚಾಸಿಗೆ, ಮುಂದಿನ ತುದಿ ಎರಡು ಬೋಲ್ಟಿನಲ್ಲಿ ಆಕ್ಸಲ್‌ಗೆ. ಚಾಸಿ ಎತ್ತಿದಾಗ ತೋಳು ಇಳಿಜಾರಾಗುತ್ತದೆ, ತೋಳಿನ ಜೊತೆ ಆಕ್ಸಲ್ಲೂ ಮುಂದಕ್ಕೆ ಮಗುಚುತ್ತದೆ. ಲೆಕ್ಕ ಹಾಕಿ ನೋಡಿ, ತೋಳು 60 ಸೆಂ.ಮೀ. ಇದ್ದು ಗಾಡಿ 5 ಸೆಂ.ಮೀ. ಎದ್ದರೆ ಸುಮಾರು ನಾಲ್ಕೂಮುಕ್ಕಾಲು ಡಿಗ್ರಿ. ಕ್ಯಾಸ್ಟರ್ ಅಂದರೇ ಬೆರಳೆಣಿಕೆಯ ಡಿಗ್ರಿ. ಅದರಲ್ಲಿ ಇಷ್ಟು ಹೋದರೆ ದೋಣಿ ಆಗದೆ ಇನ್ನೇನು? ಇದಕ್ಕೆ ಬೇಕಾದ್ದು ಆಫ್‌ಸೆಟ್ ಬುಷ್, ಅಂದರೆ ತೋಳಿನ ಬೋಲ್ಟ್ ಕೂರುವ ರಬ್ಬರ್ ಬುಷ್, ಆದರೆ ನಡುವಿನ ತೂತು ಬದಿಗೆ ಸರಿದಿರುವುದು. ಇಲ್ಲದಿದ್ದರೆ ತಿದ್ದಿದ ತೋಳೇ ಸಿಗುತ್ತದೆ.

ಇನ್ನು ವೀಲ್ 11 ಗಂಟೆಗೆ ನಿಂತದ್ದು. ಡ್ರ್ಯಾಗ್ ಲಿಂಕ್ ಒಂದು ಬದಿ ಸ್ಟೇರಿಂಗ್ ಬಾಕ್ಸಿನ ಡ್ರಾಪ್ ಆರ್ಮಿಗೆ, ಇನ್ನೊಂದು ಬದಿ ಆಚೆ ಚಕ್ರದ ಕಡೆಗೆ. ಗಾಡಿ ಎದ್ದಾಗ ಅದು ಜಾಸ್ತಿ ಇಳಿಜಾರಾಗಿ, ಅಡ್ಡಳತೆಯಲ್ಲಿ ಗಿಡ್ಡ ಆದ ಹಾಗಾಯಿತು. ಚಕ್ರ ನೇರ ನಿಂತರೆ ಬಾಕ್ಸು ತಿರುಗಿರುತ್ತದೆ. ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿದರೆ ಸರಿಹೋಗುತ್ತದೆ. ವೀಲ್ ಬಿಚ್ಚಿ ಕೂರಿಸಿದ್ದು ಗಡಿಯಾರ ತಪ್ಪು ಅಂತ ಸೂರ್ಯನನ್ನು ಸರಿಸಿದ ಹಾಗೆ. ಸ್ಟೇರಿಂಗ್ ಬಾಕ್ಸ್ ಸರಿಯಾಗಿ ಬಿಗಿ ಇರುವುದು ನಟ್ಟನಡುವೆ ಮಾತ್ರ, ಬದಿಗೆ ಹೋದರೆ ಆಟ ಜಾಸ್ತಿ. ಈಗ ನೀವು ನೇರ ಹೋಗುವಾಗಲೂ ಬಾಕ್ಸಿನ ಬದಿಯಲ್ಲೇ ಇದ್ದೀರಿ. ಆಂಗಲ್ ಸೆನ್ಸರಿಗೂ ಗೊಂದಲ, ಅದಕ್ಕೇ ಇಎಸ್‌ಪಿ ದೀಪ. ಮೊದಲು ವೀಲ್ ಹಳೇ ಹಲ್ಲಿಗೇ ಹಾಕಿಸಿ. ಆಟ ಕಮ್ಮಿ ಮಾಡುತ್ತೇನೆ ಅಂತ ಬಾಕ್ಸಿನ ಮೇಲಿನ ಸ್ಕ್ರೂ ಯಾರಾದರೂ ಬಿಗಿಯಲು ಬಂದರೆ ತಡೆಯಿರಿ. ಸೇತುವೆಯ ಮೇಲಿನ ನಡುಕಕ್ಕೆ ಮಾತ್ರ ಕೊಲ್ಲೂರಣ್ಣ ಹೇಳಿದ ಸಡಿಲವನ್ನೇ ಹುಡುಕಿ.

ಪ್ಯಾನ್‌ಹಾರ್ಡ್ ರಾಡ್ ಬಗ್ಗೆ ನಿಮಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಆಕ್ಸಲ್ ಎಡ ಬಲ ಸರಿಯದ ಹಾಗೆ ಹಿಡಿಯುವ ಅಡ್ಡ ರಾಡ್ ಅದು. ಅದೂ ಇಳಿಜಾರಾಗಿ ಇಡೀ ಆಕ್ಸಲನ್ನು ಒಂದು ಬದಿಗೆ ಎಳೆದಿರುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಫೆಂಡರ್ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ಎರಡೂ ಬದಿ ಟೈರಿಗೆ ಎಷ್ಟು ದೂರ ಅಂತ ಅಳೆಯಿರಿ. ವ್ಯತ್ಯಾಸದ ಅರ್ಧದಷ್ಟು ಆಕ್ಸಲ್ ಸರಿದಿದೆ ಅಂತ ಲೆಕ್ಕ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಸಾಕು.

ಡ್ರಾಪ್ ಆರ್ಮ್ ಯಾಕೆ ಬೇಡ ಅಂದರೆ, ಡ್ರ್ಯಾಗ್ ಲಿಂಕೂ ಪ್ಯಾನ್‌ಹಾರ್ಡ್ ರಾಡೂ ಒಂದೇ ಓರೆಯಲ್ಲಿ ಇರಬೇಕು. ಹೊಂಡದಲ್ಲಿ ಆಕ್ಸಲ್ ಏರಿ ಇಳಿಯುವಾಗ ಎರಡೂ ಒಟ್ಟಿಗೆ ಒಂದೇ ಕಮಾನಿನಲ್ಲಿ ಚಲಿಸಿದರೆ ಚಕ್ರ ತಿರುಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಎರಡೂ ಸಮ ಇಳಿಜಾರಾಗಿವೆ, ಅಂದರೆ ಜೊತೆ ಇನ್ನೂ ತಪ್ಪಿಲ್ಲ. ಉದ್ದದ ಡ್ರಾಪ್ ಆರ್ಮ್ ಹಾಕಿ ಡ್ರ್ಯಾಗ್ ಲಿಂಕನ್ನು ಮಾತ್ರ ಮಟ್ಟ ಮಾಡಿದಿರೋ, ಜೊತೆ ತಪ್ಪಿತು. ಆಮೇಲೆ ಒಂದೊಂದು ಹೊಂಡಕ್ಕೂ ಸ್ಟೇರಿಂಗ್ ತಾನಾಗಿ ಕುಣಿಯುತ್ತದೆ. ಮಾಡುವುದಾದರೆ ಪ್ಯಾನ್‌ಹಾರ್ಡ್ ಬ್ರ್ಯಾಕೆಟ್ಟನ್ನೂ ಅಷ್ಟೇ ಇಳಿಸಬೇಕು. ಎರಡು ಇಂಚಿಗೆ ಅದರ ಅಗತ್ಯ ಇಲ್ಲ. ಲೇತಿನಲ್ಲಿ ಮಾಡಿದ್ದಂತೂ ಯಾವ ಇಂಚಿಗೂ ಬೇಡ.

ಇನ್ನೊಂದು ಮಾತು, ಬೇಜಾರಿಲ್ಲ ಅಂದರೆ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಡಿಫರೆನ್ಷಿಯಲ್ ಒಂದು ಕೂದಲಷ್ಟೂ ಏಳುವುದಿಲ್ಲ. ಅದು ಚಕ್ರದ ಜೊತೆ ಇರುವಂಥದ್ದು. ಕಂಪನಿ ಟೈರು 195/80 ಆರ್15, ಅಡ್ಡಳತೆ 693 ಮಿ.ಮೀ. ನಿಮ್ಮ 235/75 ಟೈರಿನದು 733. ಅರ್ಧ ಲೆಕ್ಕ ಹಾಕಿ, 20 ಮಿ.ಮೀ. ಎದ್ದಿದೆ. ಅಷ್ಟೇ ನಿಮ್ಮ ಲಾಭ.

ಕಟಪಾಡಿ ಜಿಮ್ನಿ

ಕೊನೆಯ ಪ್ಯಾರಾ ಹೆಂಡತಿಗೆ ತೋರಿಸಿಲ್ಲ.

ಕೆಎ 20 ಕಾಗದಪತ್ರ

ಸಂಭ್ರಮದ ನಡುವೆ ಕಾನೂನಿನ ಮಾತು, ಕ್ಷಮಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇದೆ. ದಂಡಕ್ಕಿಂತ ನನಗೆ ಚಿಂತೆ ಇನ್ಶೂರೆನ್ಸಿನದು. ಅಪಘಾತ ಆದ ಮೇಲೆ ಸರ್ವೇಯರ್ ಬಗ್ಗಿ ನೋಡಿದಾಗ ಲೇತಿನ ಡ್ರಾಪ್ ಆರ್ಮ್ ಕಂಡರೆ ನೀವು ಏನು ಹೇಳ್ತೀರಿ?

ಬೈಂದೂರು ಥಾರ್

ಸರ್, ಹಾಗೆ ನೋಡಿದರೆ ಇಲ್ಲಿ ಬರೆಯುವ ಅರ್ಧ ಜನ ಒಳಗೆ ಹೋಗಬೇಕು. 😄

ಕಟಪಾಡಿ ಜಿಮ್ನಿ (ಮೂರು ವಾರದ ನಂತರ)

ಕೇಳಿ ಸುಮ್ನೆ ಹೋದ ಅಂತ ಅಂದುಕೊಳ್ಳಬೇಡಿ. ಬಿಡಿಭಾಗ ಬರಲು ತಡ ಆಯಿತು.

ಕೊಲ್ಲೂರಣ್ಣ ಹೇಳಿದ ಹಾಗೆ ಜಾಕ್ ಕೊಟ್ಟು ನೋಡಿದೆ. ಎಡ ಚಕ್ರ ಮೇಲೆ ಕೆಳಗೆ ಹಿಡಿದರೆ ಟಕ್. ಹೆಂಡತಿ ಬ್ರೇಕ್ ಒತ್ತಿದಳು. ಆಗಲೂ ಟಕ್. ಕಿಂಗ್ ಪಿನ್! ಬೇರೆ ಮೇಸ್ತ್ರಿಯ ಹತ್ತಿರ ಹೋದೆ, ವಯಸ್ಸಾದವರು, ಮಾತು ಕಮ್ಮಿ. ಬಿಚ್ಚಿದಾಗ ಒಳಗಿನಿಂದ ಗ್ರೀಸ್ ಬರಲಿಲ್ಲ, ಕೆಂಪು ನೀರು ಬಂತು, ನಾಗರಪಂಚಮಿಯ ಅರಸಿನ ನೀರಿಗೆ ಕುಂಕುಮ ಕಲಸಿದ ಹಾಗೆ. ತೋಟದ ಹತ್ತಿರ ತೋಡು ದಾಟುವಾಗ ಸೀಲ್ ಒಳಗೆ ಹೋದದ್ದು. ಬೇರಿಂಗ್ ಕಪ್ಪಿನ ಮೇಲೆ ಉಗುರು ಎಳೆದರೆ ಸಣ್ಣ ಸಣ್ಣ ಗುಳಿ ಸಿಗುತ್ತಿತ್ತು. ಒಂದೊಂದು ರೋಲರ್ ಕೂತ ಜಾಗಕ್ಕೂ ಒಂದೊಂದು ಗುಳಿ. ಬಲಬದಿಯದು ಅಷ್ಟು ಕೆಟ್ಟಿರಲಿಲ್ಲ, ಆದರೂ ಎರಡೂ ಬದಿ ಬೇರಿಂಗು, ಸೀಲು ಹೊಸದು ಹಾಕಿಸಿದೆ.

ಹೊಸ ಬೇರಿಂಗ್ ಎಷ್ಟು ಬಿಗಿ ಇರಬೇಕು ಅಂತ ನೋಡಲು ಟೈ ರಾಡ್ ಬಿಚ್ಚಿಟ್ಟು, ನಕಲ್ (ಕಿಂಗ್ ಪಿನ್ನಿನ ಮೇಲೆ ಚಕ್ರದ ಜೊತೆ ತಿರುಗುವ ಭಾಗ) ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕಂತೆ. ಎಷ್ಟು ಕೆ.ಜಿ.ಗೆ ತಿರುಗಲು ಶುರು ಆಗುತ್ತದೆ ಅಂತ ಸರ್ವಿಸ್ ಪುಸ್ತಕದ ಅಂಕಿಗೆ ಹೋಲಿಸಬೇಕು. ಮೇಸ್ತ್ರಿಯ ತಕ್ಕಡಿಗೆ ತುಕ್ಕು ಹಿಡಿದಿತ್ತು. ಭಾವನಿಗೆ ಫೋನ್ ಮಾಡಿದೆ. ಮಲ್ಪೆಯಿಂದ ಮೀನು ತೂಗುವ ತಕ್ಕಡಿ ಬಂತು, ಕೊಕ್ಕೆಯಲ್ಲಿ ಇನ್ನೂ ಬಂಗುಡೆಯ ಚಿಪ್ಪು ಅಂಟಿತ್ತು. ಮೇಸ್ತ್ರಿ ಅದನ್ನು ಮೂಸಿ ನೋಡಿ ಏನೂ ಹೇಳದೆ ಕೆಲಸ ಶುರು ಮಾಡಿದರು. ಮೊದಲ ಸಲ ಎಳೆದಾಗ ತೀರಾ ಹಗುರ. ಮುಚ್ಚಳದ ಕೆಳಗಿನಿಂದ ಒಂದು ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದರು. ಮತ್ತೆ ಎಳೆದರು. ತಲೆ ಆಡಿಸಿದರು. ಇನ್ನೊಂದು ತೆಳ್ಳಗಿನದು ತೆಗೆದ ಮೇಲೆ ಸರಿ ಬಂತು. ಒಂದು ಬದಿಗೆ ಮುಕ್ಕಾಲು ಗಂಟೆ.

ತೂಗುಗುಂಡು ಬಿಟ್ಟು ಅಳೆದದ್ದು: ಎರಡು ಬದಿಯ ವ್ಯತ್ಯಾಸ 14 ಮಿ.ಮೀ. ಅಂದರೆ 7 ಮಿ.ಮೀ. ಸರಿದಿತ್ತು. ಹೊಂದಿಸುವ ಪ್ಯಾನ್‌ಹಾರ್ಡ್ ರಾಡ್ ಹಾಕಿ ನಡುವಿಗೆ ತಂದಾಯಿತು.

ಆಫ್‌ಸೆಟ್ ಬುಷ್‌ನಲ್ಲಿ ಒಂದು ಎಡವಟ್ಟು ಆಯಿತು. ಹಳೇ ಬುಷ್ ಹೊರಗೆ ಹಾಕಲು ಹೈಡ್ರಾಲಿಕ್ ಪ್ರೆಸ್ ಬೇಕು, ಅದಕ್ಕೆ ತೋಳುಗಳನ್ನು ಬೇರೆ ಕಡೆ ಕೊಟ್ಟಿದ್ದೆವು. ವಾಪಸ್ ಬಂದಾಗ ಬಲ ತೋಳಿನಲ್ಲಿ ಬುಷ್‌ಗಳ ಗುರುತು ತಿರುಗುಮುರುಗು. ಹಾಗೇ ಹಾಕಿದ್ದರೆ ಆ ಬದಿ ಕ್ಯಾಸ್ಟರ್ ಇನ್ನೂ ಕಮ್ಮಿ ಆಗುತ್ತಿತ್ತು. ಎರಡೂ ತೋಳು ಅಕ್ಕಪಕ್ಕ ನೆಲದ ಮೇಲೆ ಇಟ್ಟದ್ದರಿಂದ ನನಗೆ ಕಂಡಿತು. ಹಾಕಿಸುವವರು ದಯವಿಟ್ಟು ಬಿಳಿ ಪೇಂಟಿನಲ್ಲಿ ಗುರುತು ಮಾಡಿಯೇ ಕೊಡಿ. ಮೇಸ್ತ್ರಿ ಇನ್ನೊಂದು ಹೇಳಿದರು, ತೋಳಿನ ಬೋಲ್ಟ್ ಕೊನೆಯ ಬಿಗಿ ಮಾಡುವುದು ಗಾಡಿ ನೆಲಕ್ಕೆ ಇಳಿಸಿದ ಮೇಲೆ. ನೇತಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದಂತೆ.

ಸ್ಟೇರಿಂಗ್ ವೀಲ್ ಹಳೇ ಹಲ್ಲಿಗೆ ಬಂತು. ಟೋ (ಮುಂದಿನ ಚಕ್ರಗಳ ಮೂತಿ ಒಳಗೋ ಹೊರಗೋ ಅಂತ) ನೋಡಿ, ಡ್ರ್ಯಾಗ್ ಲಿಂಕ್ ಉದ್ದ ಹೊಂದಿಸಿ, ಸೆನ್ಸರ್ ಸೊನ್ನೆಗೆ ತಂದು, ಇಎಸ್‌ಪಿ ದೀಪ ಆರಿತು. ಡ್ರಾಪ್ ಆರ್ಮ್ ಕಂಪನಿಯದ್ದೇ. ಡ್ಯಾಂಪರೂ ಅದೇ.

ನಿನ್ನೆ ಉದ್ಯಾವರ ಸೇತುವೆಯ ಮೇಲೆ ಬೇಕಂತಲೇ 65ರಲ್ಲಿ ಹೋದೆ. ಧಡ್ ಅಂತ ಒಂದು ಸದ್ದು, ಅಷ್ಟೇ. ಯು ಟರ್ನ್ ಹೊಡೆದು ಇನ್ನೊಮ್ಮೆ ಹೋದೆ. ಹೆಂಡತಿ "ಟೋಲ್ ಇಲ್ಲ ಅಂತ ಹೀಗಾ?" ಅಂದಳು.

ಒಂದು ಹೊಸ ಪ್ರಶ್ನೆ. 4ಎಚ್ (ನಾಲ್ಕೂ ಚಕ್ರ ಎಳೆಯುವ ಗೇರ್) ಹಾಕಿದಾಗ 50ರ ಹತ್ತಿರ ಕಾಲ ಕೆಳಗೆ ಸಣ್ಣ ನಡುಕ ಬರುತ್ತದೆ. 2ಎಚ್‌ನಲ್ಲಿ ಇಲ್ಲ.

ಸುರತ್ಕಲ್ ಟೇಪು

ಅದು ಆಫ್‌ಸೆಟ್ ಬುಷ್‌ಗೆ ತೆರುವ ಬೆಲೆ. ಕ್ಯಾಸ್ಟರ್ ತರಲು ಆಕ್ಸಲನ್ನು ಹಿಂದಕ್ಕೆ ಮಗುಚಿದಾಗ ಡಿಫರೆನ್ಷಿಯಲಿನ ಮೂತಿ ಕೆಳಗೆ ಹೋಗುತ್ತದೆ, ಡಿಫರೆನ್ಷಿಯಲಿಗೆ ಶಕ್ತಿ ತರುವ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಓರೆ ಜಾಸ್ತಿ ಆಗುತ್ತದೆ. ತೋಟದ ದಾರಿಯಲ್ಲಿ 4ಎಚ್‌ನಲ್ಲಿ 50 ಹೋಗುತ್ತೀರಾ? ಇಲ್ಲ ಅಲ್ವಾ. ಹಾಗಾದರೆ ಬಿಡಿ. ಜಾಯಿಂಟಿಗೆ ಗ್ರೀಸ್ ಮಾತ್ರ ತಪ್ಪಿಸಬೇಡಿ. ಮತ್ತೆ, ಸ್ಪೀಡೋಮೀಟರ್ 80 ತೋರಿಸುವಾಗ ಈ ಟೈರಿನಲ್ಲಿ ಮೊದಲಿಗಿಂತ ಸುಮಾರು ಶೇ. 6ರಷ್ಟು ಜಾಸ್ತಿ ಓಡುತ್ತಿರುತ್ತೀರಿ. ನೆನಪಿರಲಿ.

ಕೊಲ್ಲೂರು ಜೀಪಿನವ

ಒಳ್ಳೇದಾಯ್ತು. ಡಿಫರೆನ್ಷಿಯಲ್ ಈಗಲೂ ಕಣಿಯಲ್ಲಿ ತಾಗ್ತದಾ?

ಕಟಪಾಡಿ ಜಿಮ್ನಿ

ತಾಗುವುದಿಲ್ಲ. ನಾನು ಗ್ಯಾರೇಜಿನಲ್ಲಿ ಇದ್ದ ವಾರ ಮಾವ ಆಳು ಹಿಡಿದು ಕಣಿಗೆ ಎಂಟು ಬುಟ್ಟಿ ಮುರಕಲ್ಲಿನ ಚೂರು ಹಾಕಿಸಿದ್ದಾರೆ.

ಕೊಲ್ಲೂರು ಜೀಪಿನವ

😂 ಮಾವನಿಗೆ ನಮಸ್ಕಾರ ಹೇಳಿ. ತೋಳಿನ ಬೋಲ್ಟು, ಪ್ಯಾನ್‌ಹಾರ್ಡ್ ಬೋಲ್ಟು 500 ಕಿ.ಮೀ. ಆದ ಮೇಲೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು. ಡ್ರ್ಯಾಗ್ ಲಿಂಕ್ ಬಿಚ್ಚಿದಾಗ ಸ್ಪ್ಲಿಟ್ ಪಿನ್ ಹೊಸದು ಹಾಕಿದ್ದಾರಾ, ಹಳೇದನ್ನೇ ನೇರ ಮಾಡಿದ್ದಾರಾ?

ಕಟಪಾಡಿ ಜಿಮ್ನಿ

ಕೇಳಲಿಲ್ಲ. ಟಾರ್ಚ್ ಹಿಡಿದು ಈಗಲೇ ಗಾಡಿ ಕೆಳಗೆ ಹೋಗ್ತೇನೆ.